ಬೆಳೆಯುವ ಸಿರಿ ಮೊಳಕೆಯಲ್ಲಿ ಕಂಡೀತೆ?

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವೈದ್ಯಪದವಿ ಪಡೆದು ಆಸ್ಪತ್ರೆಯಲ್ಲಿ ತರಬೇತು ಹೊಂದುತ್ತಿರುವ ಕಿರಿಯ ವೈದ್ಯರಿಗೆ ರೆಸಿಡೆಂಟರೆಂದು ಹೆಸರು. ಅವರಲ್ಲಿ ಯಾರು ಮುಂದೆ ಅಧ್ಯಾಪಕರೂ ಸಂಶೋಧಕರೂ ಆಗುವರೆಂಬುದನ್ನು ಮೊದಲೇ ಗುರುತಿಸಬಹುದೆ?

ಅನುಭವಿಗಳು ಸಂದರ್ಶನ ನಡೆಸಿದರೆ ಯೋಗ್ಯತೆ ತಿಳಿದೀತೆಂದು ಅನೇಕರ ಭಾವನೆ. ಇದನ್ನು ಒರೆಗೆ ಹಚ್ಚುವ ಸಂದರ್ಭವೊಂದು ಅಮೆರಿಕದಲ್ಲಿ ತಾನಾಗಿಯೇ ಒದಗಿತು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಹ್ಯೂಸ್ಟನ್ ವೈದ್ಯಕೀಯ ಕಾಲೇಜು 1979ರಲ್ಲಿ 150 ವಿದ್ಯಾರ್ಥಿಗಳನ್ನು ಆರಿಸಿದ ಮೇಲೆ, ಇನ್ನೂ 50 ಮಂದಿಗೆ ಸ್ಥಾನ ಕೊಡಬೇಕೆಂದು ರಾಜ್ಯದ ಶಾಸನಸಭೆ ವಿಧಿಸಿತು. ಮೊದಲು ಬೇಡವೆನಿಸಿಕೊಂಡಿದ್ದವರು ಹೀಗೆ ಒಳಗೆ ಬಂದರು. 1987ರಲ್ಲಿ ಪ್ರಕಟವಾದ ವರದಿಯಂತೆ, ವ್ಯಾಸಂಗದಲ್ಲಾಗಲಿ ಪದವಿಯ ಅನಂತರದ ಮೊದಲ ವರ್ಷದ ತರಬೇತಿನಲ್ಲಾಗಲಿ ಎರಡು ಗುಂಪುಗಳಿಗೂ ಗಣನೀಯವಾದ ಅಂತರ ಕಾಣಲಿಲ್ಲ.

ಹಾಗಾದರೆ ನಂಬಬಹುದಾದ ಗುರುತು ಯಾವುದು? ತರಬೇತಿನ ಕಾಲದಲ್ಲಿಯೇ ಸಂಶೋಧನೆ ನಡೆಸಿ ಲೇಖನ ಪ್ರಕಟಿಸಿದವರು ಮುಂದೆ ಅಧ್ಯಾಪಕರಾಗುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳಿಂದ ತಿಳಿದುಬಂದಿದೆ. ಇದಕ್ಕೊಂದು ಉಜ್ಜ್ವಲ ನಿದರ್ಶನವುಂಟು.

ವಿಯಟ್ನಾಂ ಯುದ್ಧದ ದಿನಗಳಲ್ಲಿ ಅಮೆರಿಕದ ತರುಣ ವೈದ್ಯರನ್ನು ಸೈನ್ಯಸೇವೆಗೆ ಕರೆಯುತ್ತಿದ್ದರು. ಕೆಲವರಿಗೆ ಮಾತ್ರ ಅದರ ಬದಲು ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶ ದೊರೆಯುತ್ತಿತ್ತು. 1968ರಲ್ಲಿ ಅಲ್ಲಿಗೆ ಬಂದವರಲ್ಲಿ ಹೆರಾಲ್ಡ್ ವಾರ್ಮಸ್ ಒಬ್ಬರು. ಸಾಹಿತ್ಯದ ವಿದ್ಯಾರ್ಥಿಯಾಗಿದ್ದ ಅವರನ್ನು ಹಾರ್ವರ್ಡಿನ ವೈದ್ಯಕೀಯ ಕಾಲೇಜು ಎರಡು ಸಲ ನಿರಾಕರಿಸಿತ್ತು. ಇನ್ನೊಬ್ಬರು ರಾಬರ್ಟ್ ಲೆಫ್ಕೊವಿಟ್ಸ್. ವಿಕಿರಣಶೀಲ ಅಯೊಡೀನನ್ನು ಹಾರ್ಮೋನಿಗೆ ಜೋಡಿಸಿ, ಅದು ಜೀವಕೋಶದ ಯಾವ ಭಾಗಕ್ಕೆ ಅಂಟಿಕೊಳ್ಳುವುದೆಂದು ಅವರು ಅರಸಿದರು. ವರ್ಷವೊಂದು ಕಳೆದರೂ ಪ್ರಯೋಗಗಳು ಕೈಗೂಡಲಿಲ್ಲ; ಆಸ್ಪತ್ರೆಯ ಕೆಲಸಕ್ಕೇ ಮರಳಲು ನಿಶ್ಚಯಿಸಿದರು. ಅಷ್ಟರಲ್ಲಿ ಪ್ರಯತ್ನ ಫಲಿಸಿತು. 1970ರಲ್ಲಿ ಬಾಸ್ಟನ್ನಿನ ಆಸ್ಪತ್ರೆಗೆ ರೆಸಿಡೆಂಟರಾಗಿ ಹೋದರೂ, ಕೆಲವೇ ತಿಂಗಳಲ್ಲಿ ಅವರ ಮನಸ್ಸು ಪ್ರಯೋಗಶಾಲೆಗಾಗಿ ಹಂಬಲಿಸಿತು. ಇವರಿಬ್ಬರಿಗೂ ಬೆಥೆಸ್ಡಾದಲ್ಲಿ ಐರಾ ಪಾಸ್ತಾನರ ಮಾರ್ಗದರ್ಶನ ದೊರೆತಿತ್ತು. ವಾರ್ಮಸ್ 1989ರಲ್ಲಿಯೂ ಲೆಫ್ಕೊವಿಟ್ಸ್ 2012ರಲ್ಲಿಯೂ ನೊಬೆಲ್ ಪಾರಿತೋಷಕ ಪಡೆದರು. ಅವರ ಜೊತೆಯ ವರ್ಷದವರಾದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನರಿಗೆ 1985ರಲ್ಲಿಯೇ ಅದು ಸಂದಿತ್ತು.

ಆದರೆ ನಾವಿಲ್ಲಿ ಎಚ್ಚರ ತಪ್ಪಬಾರದು. ಗೆದ್ದ ನಾಲ್ವರನ್ನು ಕಂಡು ನಿಯಮ ಕಟ್ಟುವುದು ವಿಜ್ಞಾನವಲ್ಲ. ಅದೇ ಅವಕಾಶ ಪಡೆದೂ ಹೆಸರಾಗದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಶೋಧನೆಯಲ್ಲಿ ಒಲವುಳ್ಳವರೇ ಲೇಖನ ಬರೆಯುವರು, ಅವರೇ ಅಧ್ಯಾಪಕರೂ ಆಗುವರು. ಆದುದರಿಂದ ಲೇಖನವು ಒಲವಿನ ಗುರುತಾಗಬಹುದೇ ಹೊರತು ಯಶಸ್ಸಿಗೆ ಅದೇ ಕಾರಣವೆನ್ನಲಾಗದು. ಒಂದು ಮಾತ್ರ ಸ್ಪಷ್ಟ. ಮೊದಲ ವರ್ಷದ ಫಲಿತಾಂಶಗಳನ್ನಷ್ಟೇ ನೋಡಿದವನು ಲೆಫ್ಕೊವಿಟ್ಸರನ್ನು ಸಂಶೋಧಕರೆಂದು ಎಣಿಸುತ್ತಿರಲಿಲ್ಲ. ಮೊಳಕೆಯನ್ನು ಅಳೆಯುವ ಮುನ್ನ ಅದಕ್ಕೆ ನೆಲ, ನೀರು, ಕಾಲ ಇವು ದೊರೆತಿವೆಯೆ ಎಂದು ವಿಚಾರಿಸುವುದು ಲೇಸು.