ಹಾಡಿನ ತಲೆಯ ಮೇಲೊಂದು ಹೆಸರು

ಮರಿಯಮ್ಮನಹಳ್ಳಿಯನ್ನು ನಾಡು ಬಲ್ಲದ್ದು ಎರಡು ಬಗೆಯ ಹಾಡಿನಿಂದ. ಒಂದು, ನಾಟಕದ ರಂಗಗೀತೆ. ಇನ್ನೊಂದು, ಎಲ್ಲಮ್ಮನ ಚೌಡಿಕೆ ಪದ. ರಂಗಗೀತೆಯಂತೂ ಕಡದಲ್ಲೇ ಬೆಳೆದದ್ದು. 1880ರಲ್ಲಿ ಪುಣೆಯ ರಂಗಕ್ಕೆ ‘ಸಂಗೀತ ಶಾಕುಂತಲ’ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅಲ್ಲಿಂದ ಮುಂದೆ ಮರಾಠಿ ಮತ್ತು ಪಾರ್ಸಿ ಕಂಪನಿಗಳ ಮಟ್ಟುಗಳಿಗೆ ನಮ್ಮ ಕವಿಗಳು ಕನ್ನಡದ ಮಾತು ಕೂಡಿಸಿದರು, ನಟರು ಹಾಡಿ ಗೆಲ್ಲಿಸಿದರು. ಇದನ್ನು ಯಾರೂ ಕದ್ದದ್ದೆಂದು ಎಣಿಸಲಿಲ್ಲ, ಮುಚ್ಚಿಡಲೂ ಇಲ್ಲ. ಹಳೆಯ ಎಷ್ಟೋ ನಾಟಕ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳದ ಜೊತೆಗೆ ಅದು ಯಾವ ಹಾಡಿನ ಮಟ್ಟು ಎಂಬುದನ್ನೂ ಅಚ್ಚು ಹಾಕಿರುತ್ತಾರೆ. ಪಾಪ್ ಗಾಯಕರು ದೇವರ ಹಾಡನ್ನು ಬದಲಿಸಿ ಹಾಡುವ ಇಂದಿನ ಜಗಳಕ್ಕೆ ಆ ಒಂದು ಸಾಲಿನಲ್ಲೇ ಉತ್ತರವಿದೆ ಎಂಬುದು ನನ್ನ ನಂಬಿಕೆ.

ಚೌಡಿಕೆ ಪದದ ಪಾಡು ಬೇರೆ. ಮಂಗಳವಾರ, ಶುಕ್ರವಾರ ಪಡಲಿಗೆ ಹಿಡಿದು ಮನೆ ಮನೆಗೆ ಬರುವ ಜೋಗತಿಯರ ಬಾಯಲ್ಲಿ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ಉಳಿದು ಬಂದಿದೆ. ಕಾಳವ್ವ ಜೋಗತಿಯವರ ತಂಡದಲ್ಲಿ ಪಳಗಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಇಂಥ ಪದಗಳು ಕ್ಯಾಸೆಟ್ಟಿಗೆ, ರೀಮಿಕ್ಸಿಗೆ ಹೋದಾಗ ‘ಸಾಹಿತ್ಯ: ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳುವುದೇ ರೂಢಿ. ಯಾವ ಊರಿನ ಯಾವ ಹಾಡುಗಾರ್ತಿಯಿಂದ ಕಲಿತದ್ದು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ದೈವದ ಹಾಡನ್ನು ಮುಟ್ಟಲೇಬಾರದು ಎನ್ನುವವರಿದ್ದಾರೆ. ಅವರ ನೋವು ನಿಜ, ವಾದ ಮಾತ್ರ ನಿಲ್ಲುವುದಿಲ್ಲ. ಮಾದಪ್ಪನ ಭಕ್ತರ ‘ಕೋಲುಮಂಡೆ’ಯನ್ನೇ ನೋಡಿ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಅದನ್ನು ಹಾಡಿದಾಗ ನಾಡು ತಲೆದೂಗಿತು, ರಾಜ್ಯ ಪ್ರಶಸ್ತಿಯೂ ಬಂತು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದಾಗ ಹಾಡಿನ ಕಥೆಯ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಇಳಿಯಿತು. ಜನ ತಡೆದದ್ದು ಹೊಸ ತಾಳವನ್ನಲ್ಲ, ತಮ್ಮ ತಾಯಿಯಂಥವಳನ್ನು ಕುಣಿಸಿದ ಬಗೆಯನ್ನು. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಒಂದು ಬಗೆಯಲ್ಲಿ, ರಘು ದೀಕ್ಷಿತ್ ಗಿಟಾರ್ ಹಿಡಿದು ಮತ್ತೊಂದು ಬಗೆಯಲ್ಲಿ ಹಾಡಿದರು. ಎರಡು ಕಡೆಯೂ ಶರೀಫರ ಹೆಸರು ಅಳಿಯಲಿಲ್ಲ.

ಹಾಗಾದರೆ ಒಡೆಯರಿಲ್ಲದ ಹಾಡಿಗೆ ಯಾರ ಹೆಸರು ಹಾಕುವುದು, ಕಾನೂನೇ ಕೇಳುವುದಿಲ್ಲವಲ್ಲ ಎಂಬ ಪ್ರಶ್ನೆ ಗಟ್ಟಿಯಾದದ್ದು. ಕರ್ತೃ ಗೊತ್ತಿಲ್ಲದ ಹಳೆಯ ಪದಕ್ಕೆ ಕೃತಿಸ್ವಾಮ್ಯವಿಲ್ಲ. 1994ರ ತಿದ್ದುಪಡಿ ಹಾಡಿದವರಿಗೆ ಪ್ರದರ್ಶಕರ ಹಕ್ಕು ಕೊಟ್ಟಿತಾದರೂ ಅದು ಅವರು ಹಾಡಿದ ಆ ಧ್ವನಿಗೆ ಮಾತ್ರ; ಕೇಳಿ ಕಲಿತು ಬೇರೆಯವರು ಹಾಡಿಕೊಂಡರೆ ಏನೂ ಸಿಗದು. ಯೆಹೂದಿ ಹಾಡುಗಳ ಕಥೆ ಇಲ್ಲಿ ನೆರವಾಗುತ್ತದೆ. ನ್ಯೂಯಾರ್ಕಿನ ಯಿಡ್ಡಿಷ್ ನಾಟಕವೊಂದಕ್ಕೆ 1932ರಲ್ಲಿ ಶೋಲಂ ಸೆಕುಂಡಾ ರಾಗ ಕಟ್ಟಿದ ‘ಬೈ ಮಿರ್ ಬಿಸ್ಟು ಶೇನ್’ 30 ಡಾಲರಿಗೆ ಮಾರಾಟವಾಯಿತು. ಆ ಹಣದಲ್ಲೂ ಅರ್ಧ ಸಾಹಿತ್ಯ ಬರೆದವರಿಗೆ. 1937ರಲ್ಲಿ ಆಂಡ್ರ್ಯೂಸ್ ಸೋದರಿಯರು ಅದರ ಇಂಗ್ಲಿಷ್ ರೂಪ ಹಾಡಿದರು, ಅಮೆರಿಕವೆಲ್ಲ ಗುನುಗಿತು, ಲಾಭ ಬೇರೆಯವರ ಪಾಲಾಯಿತು. ಆದರೂ ಸೆಕುಂಡಾ ಹೆಸರು ಕಾಗದದ ಮೇಲಿತ್ತು. 1961ರಲ್ಲಿ ಹಕ್ಕು ಮರಳಿ ಅವರ ಕೈಸೇರಿತು. ‘ಹವಾ ನಗೀಲಾ’ದ ಧಾಟಿ ಹಾಗಲ್ಲ. ಅದು ಪೂರ್ವ ಯುರೋಪಿನ ಸಾದಿಗುರಾ ಎಂಬ ಊರಿನ ಹಸೀದಿ ಎಂಬ ಯೆಹೂದಿ ಪಂಥದ ಭಕ್ತರು ಮಾತಿಲ್ಲದೆ ಹಾಡಿಕೊಳ್ಳುತ್ತಿದ್ದದ್ದು. ಹ್ಯಾರಿ ಬೆಲಫಾಂಟೆ ಅದನ್ನು ಕಾರ್ನೆಗಿ ಹಾಲಿನಲ್ಲಿ ಹಾಡುವ ಹೊತ್ತಿಗೆ ಮೊದಲು ಗುನುಗಿದವರ ಹೆಸರು ಎಲ್ಲೂ ಇರಲಿಲ್ಲ, ಆದರೆ ಯಾವ ಪಂಥದ ಧಾಟಿ ಎಂಬುದು ಉಳಿದಿತ್ತು. ಎ.ಜೆಡ್. ಇಡೆಲ್ಸನ್ ಎಂಬ ಸಂಗೀತ ವಿದ್ವಾಂಸ ಅದನ್ನು ಬರೆದಿಟ್ಟದ್ದೇ ಅದಕ್ಕೆ ಕಾರಣ.

ಕಾನೂನು ಕೇಳದಿದ್ದರೂ ಅಷ್ಟನ್ನು ನಾವು ಮಾಡಬಹುದು. ಹೊಸ ಹಾಡಿನ ಕೆಳಗೆ ‘ಜಾನಪದ’ ಎನ್ನುವ ಬದಲು ‘ಎಲ್ಲಮ್ಮನ ಚೌಡಿಕೆ ಪದ, ಮರಿಯಮ್ಮನಹಳ್ಳಿಯ ಇಂಥವರಿಂದ ಕಲಿತದ್ದು’ ಎಂದು ಬರೆಯಲಿ, ಬಂದ ಹಣದಲ್ಲಿ ಕಲಿಸಿದವರಿಗೂ ಒಂದು ಪಾಲನ್ನು ಒಪ್ಪಂದದಲ್ಲೇ ಸೇರಿಸಲಿ. ನಾಟಕದ ಕವಿಗಳು ಯಾರೂ ಕೇಳದೆಯೇ ಮಟ್ಟಿನ ಮೂಲ ಬರೆದರು. ಸ್ಟುಡಿಯೊದವರಿಗೆ ಅದು ಆಗದ ಕೆಲಸವೇನಲ್ಲ.