ಕಾಗದದ ಕಾರ್ಖಾನೆ ಮತ್ತು ಬಿದಿರಿನ ಬೆಲೆ



ನಮ್ಮ ಕೆಂಕೆರೆ ಸೀಮೆಯಲ್ಲಿ ತೆಂಗಿನ ಗರಿಗೂ ನಾರಿಗೂ ಕೊರತೆಯಿಲ್ಲ. ಆದರೂ ಕಾಗದದ ದೊಡ್ಡ ಕಾರ್ಖಾನೆಗಳು ಭದ್ರಾವತಿ, ದಾಂಡೇಲಿಗಳಲ್ಲಿ ಎದ್ದವೇ ಹೊರತು ಇತ್ತ ಬರಲಿಲ್ಲ. ಇದು ಏಕೆಂದು ತಿಳಿಯುವುದು ಬೆಳೆಗಾರರಾದ ನಮಗೆ ಉಪಯುಕ್ತ.

ಒಂದು ಟನ್ ಕಾಗದಕ್ಕೆ ಎರಡು ಟನ್ನಿಗೂ ಮಿಕ್ಕಿ ಬಿದಿರು ಬೇಕು. ನಾವು ಮಟ್ಟೆ, ಚಿಪ್ಪನ್ನು ಊರಲ್ಲೇ ಉಳಿಸಿ ಕೊಬ್ಬರಿಯನ್ನಷ್ಟೇ ತಿಪಟೂರಿಗೆ ಒಯ್ಯುವುದು ಯಾವ ಲೆಕ್ಕವೋ, ಬಿದಿರು ಇದ್ದಲ್ಲಿಗೇ ಕಾರ್ಖಾನೆ ಹೋಗುವುದೂ ಅದೇ ಲೆಕ್ಕ. ಜೊತೆಗೆ ತಿರುಳು ತೊಳೆಯಲು ಹೇರಳ ನೀರು ಬೇಕು. ಭದ್ರಾವತಿಗೆ ಭದ್ರಾ ನದಿ, ದಾಂಡೇಲಿಗೆ ಕಾಳಿ ನದಿ ಇದ್ದವು. ಕೊಳವೆಬಾವಿ ನಂಬಿದ ನಮ್ಮಲ್ಲಿ ಅಂಥ ನೀರೆಲ್ಲಿ?

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲೇ ಸ್ಥಾಪನೆಯಾಯಿತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ದಾಂಡೇಲಿಯದು ಖಾಸಗಿ ಕಂಪನಿ, 1955ರಲ್ಲಿ ಸ್ಥಾಪಿತವಾದದ್ದು. ಆದರೆ ಪಂಚವಾರ್ಷಿಕ ಯೋಜನೆಗಳ ಆ ಕಾಲದಲ್ಲಿ ಖಾಸಗಿಯವರಿಗೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ಕಾಡಿನ ಬಿದಿರು ಕೊಡುವವರೂ ಸರ್ಕಾರವೇ.

ಇಲ್ಲಿಯೇ ಮುಖ್ಯ ವಿಷಯವಿದೆ. 1958ರಲ್ಲಿ ದಾಂಡೇಲಿ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತೆಂದೂ, ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ಹಲವು ಪಟ್ಟು ತೆರುತ್ತಿದ್ದರೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಅಗ್ಗವಾಗಿ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಹತ್ತಿರದ ಬಿದಿರು ಮುಗಿಯಿತು, ದೂರದ ಕಾಡಿಗೆ ಕೈಚಾಚಬೇಕಾಯಿತು. 1980ರಲ್ಲಿ ಭದ್ರಾವತಿ ಕಾರ್ಖಾನೆಗೆ ಮರ ಬೆಳೆಸಲು ಸುಮಾರು 30,000 ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಮಲೆನಾಡಿನಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳು ಹಬ್ಬಲು ಇದೂ ಒಂದು ಕಾರಣ.

1991ರ ನಂತರ ಸರ್ಕಾರದ ಕಟ್ಟುಗಳು ಸಡಿಲವಾಗಿ ವಿದೇಶಿ ಪತ್ರಿಕಾ ಕಾಗದ ಪೈಪೋಟಿಗೆ ಬಂತು. ನಷ್ಟ ತಾಳದೆ ಭದ್ರಾವತಿ ಕಾರ್ಖಾನೆ 2015ರಲ್ಲಿ ಕೆಲಸ ನಿಲ್ಲಿಸಿತು. ದಾಂಡೇಲಿಯ ಕಾರ್ಖಾನೆ ನಡೆಯುತ್ತಿದೆ. ಅದು ರೈತರಿಗೆ ಸುಬಾಬುಲ್, ಗಾಳಿ ಮುಂತಾದ ಮರಗಳ ಸಸಿ ಒದಗಿಸಿ, ಬೆಳೆದ ಮರವನ್ನು ಕೊಳ್ಳುತ್ತದೆ.

ಆದ್ದರಿಂದ ಯಾರಾದರೂ ತೋಟದ ಬದಿಗೆ ಕಾಗದದ ಮರ ಹಾಕಿರೆಂದು ಹೇಳಿದರೆ ಮೂರು ಮಾತು ಕೇಳಿ: ಕಾರ್ಖಾನೆ ಎಷ್ಟು ದೂರ? ಕಡಿಯುವ, ಸಾಗಿಸುವ ಖರ್ಚು ಯಾರದು? ಬೆಲೆ ಕಾಗದದ ಮೇಲೆ ಬರೆದುಕೊಡುತ್ತಾರೆಯೇ? ಬಿದಿರಿಗೆ ಬಾಯಿ ಇರಲಿಲ್ಲ, ಅದು ಕೇಳಲಿಲ್ಲ. ನಾವು ಕೇಳಬಹುದು, ಒಬ್ಬೊಬ್ಬರೇ ಕೇಳುವುದಕ್ಕಿಂತ ಸಂಘದ ಮೂಲಕ ಕೇಳುವುದು ಮೇಲು.