ಕುಡಿತದ ದಾಸ್ಯದಿಂದ ಬಿಡುಗಡೆ

ನಾನು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮಲ್ಲಿ ಒಬ್ಬ ಅಡಿಗೆಯವನಿದ್ದನು. ಕೈಗುಣದಲ್ಲಿ ಅವನಿಗೆ ಸಮನಾದವನನ್ನು ನಾನು ಕಂಡಿಲ್ಲ. ಆದರೆ ಸಂಬಳವಾದ ರಾತ್ರಿ ಹೊರಗೆ ಹೋದನೆಂದರೆ ಮೂರು ದಿನ ಒಲೆಯ ಬಳಿ ಸುಳಿಯುತ್ತಿರಲಿಲ್ಲ. ಊರಿನಲ್ಲಿ ತಾಯಿ ಮಗನ ಹಣದ ದಾರಿ ಕಾಯುತ್ತಿದ್ದಳು. ದೇವರ ಪಟದ ಮುಂದೆ ಅವನಿಂದ ಆಣೆ ಮಾಡಿಸಿದೆನು, ಮುಂಗಡ ನಿಲ್ಲಿಸಿದೆನು, ನಾಲ್ಕು ಜನರೆದುರಿಗೆ ಬೈದೆನು. ಯಾವುದೂ ಫಲಿಸದಿರಲು ಲೆಕ್ಕ ತೀರಿಸಿ ಕಳುಹಿಸಿಬಿಟ್ಟೆನು. ಅಂಥವನಿಗೆ ಬೇರೊಂದು ದಾರಿಯುಂಟೆಂಬುದು ನನಗೆ ತಡವಾಗಿ ತಿಳಿಯಿತು. ತಿಳಿಸಿದುದು ಅಮೆರಿಕದ ಕೆಲವು ಕುಡುಕರ ಚರಿತ್ರೆ.

ಜೆರಿ ಮೆಕಾಲೆ ಎಂಬವನು ಐರ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿರುವಾಗಲೇ ನ್ಯೂಯಾರ್ಕ್ ನಗರವನ್ನು ಸೇರಿದನು. ಎಳೆಯ ವಯಸ್ಸಿನಲ್ಲಿ ಪರವೂರು ಸೇರಿದವನ ಪಾಡು ನಮ್ಮ ಓದುಗರಿಗೆ ಹೊಸದಲ್ಲ. ಕಳವು ಅವನ ಕಸುಬಾಯಿತು, ಕುಡಿತ ಅವನ ಸಂಗಾತಿಯಾಯಿತು. 19ನೆಯ ವಯಸ್ಸಿಗೇ 15 ವರ್ಷಗಳ ಶಿಕ್ಷೆ ಹೊತ್ತು ಸಿಂಗ್ ಸಿಂಗ್ ಸೆರೆಮನೆಗೆ ಹೋದನು. ಅಲ್ಲಿ ಒಂದು ದಿನ ಆರ್ವಿಲ್ ಗಾರ್ಡ್ನರ್ ಎಂಬ ಹಳೆಯ ಜಟ್ಟಿ ಬಂದು, ತಾನು ಹೇಗಿದ್ದೆ, ಕ್ರಿಸ್ತನ ಕೃಪೆಯಿಂದ ಹೇಗಾದೆ ಎಂಬುದನ್ನು ಕೈದಿಗಳಿಗೆ ಹೇಳಿದನು. ಪಾದ್ರಿಗಳ ಉಪದೇಶಕ್ಕೆ ಕರಗದ ಮೆಕಾಲೆಯ ಮನಸ್ಸು ತನ್ನಂಥವನೊಬ್ಬನ ಮಾತಿಗೆ ಕರಗಿತು. ಬೈಬಲ್ ಓದತೊಡಗಿದನು, ಕೋಣೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದನು. 1864ರಲ್ಲಿ ಕ್ಷಮಾದಾನ ದೊರೆತು ಹೊರಬಂದನು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹೊರಗೆ ಅವನನ್ನು ಕೈಹಿಡಿದು ನಡೆಸುವವರಿರಲಿಲ್ಲ. ಪುನಃ ಕುಡಿದನು, ಪುನಃ ಕದ್ದನು. ಅಲ್ಲಲ್ಲಿ ಕೆಲವರು ಭಕ್ತರು ಅವನನ್ನು ಹುಡುಕಿ ಎತ್ತಿದರು; ಎದ್ದವನು ಒಂದಲ್ಲ, ಹಲವು ಬಾರಿ ಬಿದ್ದನು. ಕಡೆಗೆ ಕಾಲು ನೆಲೆಗೊಂಡ ಮೇಲೆ, 1872ರ ಅಕ್ಟೋಬರದಲ್ಲಿ, ಪತ್ನಿ ಮರಿಯಾಳೊಡನೆ ವಾಟರ್ ಸ್ಟ್ರೀಟಿನ 316ನೆಯ ನಂಬರಿನ ಮನೆಯಲ್ಲಿ ದಿಕ್ಕಿಲ್ಲದ ಕುಡುಕರಿಗಾಗಿ ಒಂದು ಆಶ್ರಯವನ್ನು ತೆರೆದನು. ಅಲ್ಲಿನ ಸಭೆಗಳಲ್ಲಿ ಚಟದಿಂದ ಪಾರಾದವರೇ ಎದ್ದುನಿಂತು ತಮ್ಮ ಕಥೆಯನ್ನು ಹೇಳುತ್ತಿದ್ದರು.

1882ರಲ್ಲಿ ಮೆಕಾಲೆಯ ಇಂಥದೇ ಇನ್ನೊಂದು ಸಭೆಗೆ ಸ್ಯಾಮ್ಯುವೆಲ್ ಹ್ಯಾಡ್ಲಿ ಎಂಬವನು ಬಂದನು. ಇದ್ದುದನ್ನೆಲ್ಲ ಮಾರಿ ಕುಡಿದು, ಮನೆಯಿಲ್ಲದೆ, ಗೆಳೆಯರಿಲ್ಲದೆ, ಸಾವಿನ ಬಾಗಿಲಲ್ಲಿದ್ದವನು. ತನ್ನಂಥವರ ಸಾಕ್ಷ್ಯವನ್ನು ಕೇಳಿ, ಅವರೊಡನೆ ಮೊಣಕಾಲೂರಿದನು. ಮುಂದೆ ಅವನೇ ವಾಟರ್ ಸ್ಟ್ರೀಟಿನ ಆ ಆಶ್ರಯಕ್ಕೆ ಮೇಲ್ವಿಚಾರಕನಾಗಿ, 1906ರಲ್ಲಿ ತೀರಿಕೊಳ್ಳುವವರೆಗೆ ಸೇವೆ ಸಲ್ಲಿಸಿದನು. ಹಾರ್ವರ್ಡಿನ ಪಂಡಿತನಾದ ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವಗಳನ್ನು ಕುರಿತು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹ್ಯಾಡ್ಲಿಯ ಹೇಳಿಕೆಯನ್ನು ಸೇರಿಸಿದನು.

ಆ ಗ್ರಂಥವು 1934ರ ಡಿಸೆಂಬರದಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಹಾಸಿಗೆಯನ್ನು ತಲುಪಿತು. ಅಲ್ಲಿ ಮಲಗಿದ್ದವನು ಬಿಲ್ ವಿಲ್ಸನ್. ಷೇರುಪೇಟೆಯಲ್ಲಿ ದುಡಿಯುತ್ತಿದ್ದು ಕುಡಿತದಿಂದ ಹಾಳಾದವನು. ಕೆಲವೇ ದಿನಗಳ ಹಿಂದೆ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯನು ಮನೆಗೆ ಬಂದು, ಮುಂದಿಟ್ಟ ಮದ್ಯವನ್ನು ಬೇಡವೆಂದು ಅವನನ್ನು ಬೆರಗುಗೊಳಿಸಿದ್ದನು. ಗೆಳೆಯನು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗವನ್ನು ಸೇರಿದ್ದನು. ತಪ್ಪನ್ನು ದೇವರೆದುರಿಗೂ ಇನ್ನೊಬ್ಬ ಮನುಷ್ಯನೆದುರಿಗೂ ಒಪ್ಪಿಕೊಳ್ಳುವುದು, ನೋಯಿಸಿದವರಿಗೆ ಪರಿಹಾರ ಸಲ್ಲಿಸುವುದು, ದಿನವೂ ಪ್ರಾರ್ಥಿಸುವುದು, ಪರರಿಗೆ ನೆರವಾಗುವುದು, ಇವು ಅವರ ಸಾಧನೆ. ಆಸ್ಪತ್ರೆಯಲ್ಲಿ ವಿಲ್ಸನನೂ ದೇವರಿಗೆ ಮೊರೆಯಿಟ್ಟನು. ಅಂದಿನಿಂದ ಅವನು ಕುಡಿಯಲಿಲ್ಲ.

1935ರ ಮೇ ತಿಂಗಳಲ್ಲಿ ಅವನಿಗೆ ಕಠಿನ ಪರೀಕ್ಷೆ ಬಂದಿತು. ವ್ಯವಹಾರಕ್ಕಾಗಿ ಓಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದನು. ವ್ಯವಹಾರ ಮುರಿದುಬಿದ್ದಿತು. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಒಬ್ಬಂಟಿಗನಾಗಿ ಅಡ್ಡಾಡುತ್ತಿದ್ದಾಗ, ಒಂದು ಕಡೆ ಬಾರಿನಿಂದ ನಗೆಮಾತು ಕೇಳಿಬರುತ್ತಿತ್ತು. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಅವನು ಬಾರಿಗೆ ಹೋಗದೆ ಟೆಲಿಫೋನಿನ ಬಳಿಗೆ ಹೋಗಿ ಒಬ್ಬ ಪಾದ್ರಿಯನ್ನು ಕರೆದನು. ಬೇಡಿದುದು ಉಪದೇಶವನ್ನಲ್ಲ, ತಾನು ಮಾತನಾಡಬಹುದಾದ ಇನ್ನೊಬ್ಬ ಕುಡುಕನನ್ನು!

ಹಾಗೆ ದೊರೆತವನು ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಈತನೂ ಎರಡು ವರ್ಷಗಳಿಗೂ ಮಿಕ್ಕಿ ಅದೇ ಕ್ರೈಸ್ತ ಬಳಗದ ಸಭೆಗಳಿಗೆ ಹೋಗುತ್ತಿದ್ದನು, ಪ್ರಾರ್ಥಿಸುತ್ತಿದ್ದನು, ಆದರೂ ಕುಡಿಯುತ್ತಿದ್ದನು. ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದವನು ಆರು ಗಂಟೆಗೂ ಹೆಚ್ಚು ಕಾಲ ವಿಲ್ಸನನೊಡನೆ ಮಾತನಾಡಿದನು. ಮುಂದೆ ಒಮ್ಮೆ ಜಾರಿದರೂ, 1935ರ ಜೂನ್ 10ರಂದು ಕುಡಿದುದೇ ಅವನ ಕಡೆಯ ಗುಟುಕು. ಆ ದಿನವನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಸ್ಥೆಯ ಜನ್ಮದಿನವೆಂದು ಎಣಿಸುತ್ತಾರೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮೆಕಾಲೆಗೂ ಡಾಕ್ಟರ್ ಸ್ಮಿತ್ತನಿಗೂ ಭಕ್ತಿಯ ಕೊರತೆ ಇರಲಿಲ್ಲ. ಇಲ್ಲದಿದ್ದುದು ಒಡನಾಡಿ. ತಾನೂ ಅದೇ ಹಳ್ಳದಲ್ಲಿ ಬಿದ್ದೆದ್ದವನು ಪಕ್ಕದಲ್ಲಿ ಕುಳಿತಾಗ ನಂಬಿಕೆಗೆ ಬಲ ಬಂದಿತು. ಎತ್ತಿದವನೂ ಎತ್ತುವ ಕೆಲಸದಿಂದಲೇ ತಾನು ಬೀಳದೆ ಉಳಿದನು.

ಕ್ರೈಸ್ತ ಬೇರಿನಿಂದ ಚಿಗುರಿದ ಈ ಸಂಸ್ಥೆಯು ಇಂದು ಯಾವ ಮತದವರನ್ನೂ, ಮತವಿಲ್ಲದವರನ್ನೂ ಸೇರಿಸಿಕೊಳ್ಳುತ್ತದೆ. ಮುಂಬಯಿಯಲ್ಲಿಯೂ ಅದರ ಸಭೆಗಳುಂಟು. ಶುಲ್ಕವಿಲ್ಲ, ಬಂದವರ ಗುರುತನ್ನು ಹೊರಗೆಡಹುವುದಿಲ್ಲ. ಆದರೆ ಒಂದು ಎಚ್ಚರಿಕೆ: ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವುಂಟಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ವಿಲ್ಸನನು ಮೊರೆಯಿಟ್ಟುದೂ ಆಸ್ಪತ್ರೆಯಲ್ಲಿಯೇ ಎಂಬುದನ್ನು ಮರೆಯಬಾರದು.

ನನ್ನ ಅಡಿಗೆಯವನು ಈಗ ಎಲ್ಲಿರುವನೋ ತಿಳಿಯದು. ಅವನಿಂದ ಆಣೆ ಮಾಡಿಸಿದೆನೇ ಹೊರತು ಒಂದು ಸಂಜೆಯಾದರೂ ಅವನ ಪಕ್ಕದಲ್ಲಿ ಕುಳಿತು ಅವನ ಮಾತನ್ನು ಕೇಳಲಿಲ್ಲ. ಅವನ ಕೋಣೆಯಲ್ಲಿ ಮಲಗುತ್ತಿದ್ದ ಎಂಟು ಮಂದಿಯೂ ಕೇಳಲಿಲ್ಲ. ಓದುಗ ಬಂಧುಗಳೇ, ನಿಮ್ಮ ಕೋಣೆಯಲ್ಲಿಯೂ ಅಂಥವನೊಬ್ಬನು ಇರಬಹುದು. ಬೈಯುವವರು ಅವನಿಗೆ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಸಂಜೆ ಅವನೊಡನೆ ಕುಳಿತುಕೊಳ್ಳಿರಿ. ಒಪ್ಪಿದರೆ ವೈದ್ಯರಲ್ಲಿಗೋ ಅಂಥ ಸಭೆಗೋ ನೀವೇ ಜೊತೆಗೆ ಹೋಗಿರಿ. ನಾನು ಮಾಡದೆ ಉಳಿದುದು ಅಷ್ಟೇ.